ಸೂಜಿ ಇಳಿಯದ ಬೆರಳು

ಫ್ಯಾನು ಟಕ್ ಟಕ್ ಎನ್ನುತ್ತಿದೆ, ಸುತ್ತಿಗೊಂದು ಸಲ, ರೆಕ್ಕೆಯ ಸ್ಕ್ರೂ ಸಡಿಲಾಗಿದೆ ಅಷ್ಟೇ, ಯಾರಾದರೂ ಒಂದು ಸ್ಟೂಲು ಕೊಟ್ಟರೆ ಮೆಣಸು ತಾನೇ ಹತ್ತಿ ಬಿಗಿದುಬಿಡುತ್ತಾನೆ, ಆದರೆ ಇಲ್ಲಿ ಯಾರಿಗೂ ಏನೂ ಬೇಕಾಗಿಲ್ಲ, ಇಷ್ಟು ದೊಡ್ಡ ಆಸ್ಪತ್ರೆ ಕಟ್ಟಿದ ಮಹಾನುಭಾವರಿಗೆ ಐಸಿಯು ಮುಂದಿನ ಗೋಡೆಗೆ ನೆಟ್ಟಗೆ ಗಾರೆ ಬಳಿಸಲು ಬಂದಿಲ್ಲ, ಆ ಮೂಲೆ ನೋಡು, ಅಲೆ ಅಲೆ, ಅಣ್ಣ ನೋಡಿದ್ದರೆ ಯಾವನೋ ಇದು ಬಳಿದೋನು, ಮಾವನ ಮನೇಲಿ ನಿದ್ದೆ ಮಾಡ್ಕೊಂಡು ಬಳಿದ್ನಾ ಅಂತ ಬೈದು ಅಷ್ಟನ್ನೂ ಕೆರೆಸಿ ಹಾಕುತ್ತಿದ್ದ, ಅಣ್ಣ ಆ ಗೋಡೆಯ ಆ ಕಡೆಗೇ ಮಲಗಿದ್ದಾನೆ, ಮೂಗಿಗೆ ನಳಿಕೆ, ಬೆಳಿಗ್ಗೆಯಿಂದ ಕಣ್ಣು ಬಿಟ್ಟಿಲ್ಲ, ಕೂಗಿದರೆ ಹೂಂ ಇಲ್ಲ ಉಹೂಂ ಇಲ್ಲ, ಬರೀ ಒಂದು ಮಲೇರಿಯಾಗೆ — ಮೆಣಸಿಗೂ ಬಂದಿತ್ತಲ್ಲ, ಹೋದ ವಾರ, ಅದೇ ಸೈಟು, ಅದೇ ಶೆಡ್ಡು, ಅಣ್ಣ ತಮ್ಮ ಇಬ್ಬರೂ ಒಂದೇ ಕಂಬಳಿಯಡಿ ಮಲಗುವವರು, ಸೊಳ್ಳೆಗೇನು ಬೇರೆ ಬೇರೆ ತಟ್ಟೆ ಹಾಕಿತ್ತೇ, ಹಲ್ಲು ಕಟಕಟ ಅನ್ನುವ ಹಾಗೆ ನಡುಗಿ, ಮಾತ್ರೆ ನುಂಗಿ, ಬೆವೆತು ಒದ್ದೆಯಾಗಿ, ಎದ್ದು ಸಿಮೆಂಟು ಮೂಟೆಗೆ ಹೆಗಲು ಕೊಟ್ಟಿದ್ದ, ಅವನೋ ಒಣಕಡ್ಡಿ, ಗಾಳಿ ಜೋರಾದರೆ ಕಂಬ ಹಿಡಿದುಕೊಳ್ಳಬೇಕು, ಅಣ್ಣನೋ ಆನೆ, ಬೆಲ್ಟಿಗೆ ವರ್ಷಕ್ಕೊಂದು ಹೊಸ ತೂತು ಮೊಳೆಯಿಂದ ಹೊಡೆದುಕೊಂಡವನು, ಕಡ್ಡಿ ನಿಂತುಕೊಂಡು ಆನೆ ಮಲಗುವುದೆಂದರೆ ಏನು, ಯಾರು ಮಾಡಿದ ಲೆಕ್ಕ ಇದು, ಯಾರ ಕೊರಳಪಟ್ಟಿ ಹಿಡಿದು ಕೇಳಬೇಕು.

ಫೋನು ಒದರುತ್ತಿದೆ, ಕಂಟ್ರಾಕ್ಟರು, ಏನೋ ಮೆಣಸು ಎಲ್ಲಿದ್ದೀಯ, ಸ್ಲ್ಯಾಬಿನ ಮೇಲೆ ನೀರು ಆರಿಹೋಗಿದೆ, ಬಿರುಕು ಬಿಟ್ರೆ ನಿನ್ನ ತಲೆ ಒಡೀತೀನಿ, ನಿಮ್ಮಣ್ಣಂಗೆ ಹೇಗಿದೆ — ಇದೇ ಸಾಲಿನಲ್ಲಿ, ಮೊದಲು ಸ್ಲ್ಯಾಬು ಆಮೇಲೆ ಅಣ್ಣ, ನೀವೇ ಹೋಗಿ ನೀರು ನಿಲ್ಸಿ ಸಾರ್, ನಿಮಗೂ ನಾಲ್ಕು ಸೊಳ್ಳೆ ಕಚ್ಲಿ ಅಂದು ಫೋನು ಆರಿಸಿದ, ಆ ನೀರು ನಿಲ್ಲಿಸುವುದು ಮೆಣಸಿನ ಕೆಲಸವೇ, ಹೊಸ ಸ್ಲ್ಯಾಬಿನ ಮೇಲೆ ಅಂಗೈ ಎತ್ತರ ಗಾರೆಯ ಬದು ಕಟ್ಟಿ, ಚೌಕಾಬಾರದ ಹಾಗೆ ಮನೆ ಮನೆ ಮಾಡಿ, ಪೈಪು ಬಿಟ್ಟು ತುಂಬಿಸುವುದು, ಒಂದೊಂದು ಮನೆಯಲ್ಲೂ ಒಂದೊಂದು ಆಕಾಶ, ಕೆಳಗೆ ಬಗ್ಗಿ ನೋಡಿದರೆ ಕೂದಲೆಳೆಯಂಥ ಹುಳಗಳು ಮೈ ಬಳುಕಿಸುತ್ತಿದ್ದವು, ನೋಡಿದ್ದ, ನೋಡಿ ಉಗುಳಿ ಬಂದಿದ್ದ, ಈಗ ಆ ಉಗುಳು ಯಾರ ಮೇಲೆ ಬಿತ್ತು — ಬೇಡ, ಅದನ್ನು ಬಿಡು, ಡಾಕ್ಟರಮ್ಮ ಏನೆಂದರು, ತನ್ನ ವಯಸ್ಸಿನವರೇ ಇರಬೇಕು, ಕನ್ನಡಕ ಮೇಲೆ ತಳ್ಳಿಕೊಂಡು, ನಿಮ್ಮಣ್ಣಂಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ, ಮೆಣಸು ನಕ್ಕುಬಿಟ್ಟಿದ್ದ, ಯಾರಿಗೆ ಮೇಡಂ, ಬೇರೆ ಯಾರದೋ ಪೇಷಂಟ್ ಇರ್ಬೇಕು ನೋಡಿ, ನಮ್ಮಣ್ಣ ಗಾರೆ ಮೇಸ್ತ್ರಿ, ಅವರು ನಗಲಿಲ್ಲ, ನೋಡಪ್ಪ, ಸಕ್ಕರೆ ಹದ್ದುಮೀರಿ ಏರಿದೆ, ಮೇಲೆ ಮೈ ಭಾರ, ಇಂಥ ಮೈಗೆ ಮಲೇರಿಯಾ ಬಂದ್ರೆ ಅದು ಬೇರೆಯೇ ಜ್ವರ, ಮೈ ಅದನ್ನ ಎದುರಿಸೋಕೆ ಒದ್ದಾಡುತ್ತೆ, ನಿಂಗೆ ಬಂದು ಹೋಯ್ತು ಅಂತ ಅವ್ರಿಗೂ ಹಾಗೇ ಹೋಗಲ್ಲ, ಕಿಡ್ನಿಗೂ ಏಟು ಬಿದ್ದಿದೆ, ಸಕ್ಕರೆ ಇಳಿಸ್ತಾ ಇದ್ದೀವಿ, ಅದು ಒಮ್ಮೆಗೇ ಕುಸೀಲೂ ಬಾರ್ದು, ಮಲೇರಿಯಾದಲ್ಲಿ ಹಾಗೂ ಆಗುತ್ತೆ, ಅದಕ್ಕೇ ಆಗಾಗ ಬೆರಳು ಚುಚ್ಚಿ ನೋಡ್ಬೇಕು — ಮಾತ್ರೆ ತಗೊಳ್ತಿದ್ರಾ, ಜ್ವರದಲ್ಲಿ ಏನು ಕೊಟ್ರಿ, ಏನು ಕೊಟ್ರಿ ಅಂತ ಕೇಳಿದರು, ಮೆಣಸು ಗಂಜಿ ಅಂದ, ಬರೀ ಗಂಜಿ ಅಂದ, ಕಣ್ಣ ಮುಂದೆ ಸ್ಟೀಲು ಲೋಟ, ತಳದಲ್ಲಿ ಕರಗದೆ ಕೂತ ಬಿಳಿ ಪುಡಿ.

ಅತ್ತಿಗೆ ಬೆಂಚಿನ ಆ ತುದಿಯಲ್ಲಿ ಬಟ್ಟೆಗಂಟಿನ ಹಾಗೆ ಕೂತಿದ್ದಾರೆ, ಬಸ್ಸಿಳಿದು ಸೀದಾ ಬಂದವರು, ಅವರಮ್ಮನ ಕಣ್ಣಿನ ಆಪರೇಷನ್ನಿಗೆ ತವರಿಗೆ ಹೋಗಿದ್ದರು, ನಿಮಗೆ ಗೊತ್ತಿತ್ತಾ ಅತ್ತಿಗೆ ಅಂತ ಅವನು ಕೇಳಿದ್ದ, ಕೇಳಿದ್ದಲ್ಲ ಕಿರುಚಿದ್ದ, ಇಡೀ ವರಾಂಡ ತಿರುಗಿ ನೋಡಿತು, ಗೊತ್ತಿತ್ತಪ್ಪ, ಯಾರಿಗೂ ಹೇಳಲ್ಲ ಅಂತ ನಿಮ್ಮಣ್ಣ ತಲೆ ಮೇಲೆ ಕೈ ಇಡಿಸ್ಕೊಂಡಿದ್ರು, ಸೈಟಿನ ಆ ಪೇಂಟರ್ ತಾತಂಗೆ ತಲೆ ಸುತ್ತು ಬಂತು ಅಂತ ಕಂಟ್ರಾಕ್ಟರು ಮಾರನೇ ದಿನವೇ ಮನೆಗೆ ಕಳಿಸ್ಲಿಲ್ವಾ, ಅಷ್ಟೆತ್ತರ ಸಾರುವೆ ಕಟ್ಟಿಗೆ ಹತ್ತೋನಿಗೆ ಸಕ್ಕರೆ ಅಂತ ಗೊತ್ತಾದ್ರೆ ಹತ್ತೋಕೆ ಬಿಡ್ತಾರಾ, ಮೆಣಸಿಗಂತೂ ಹೇಳ್ಲೇಬೇಡ, ಅವನ ಬಾಯಿ ಮೈಕಿದ್ದ ಹಾಗೆ ಅಂದ್ರು — ಮೈಕಂತೆ, ತನ್ನ ಬಾಯಿ ಮೈಕಂತೆ, ಹಾಗಾದರೆ ಟೀಗೆ ಸಕ್ಕರೆ ಬೇಡ, ಹಲ್ಲುನೋವು ಅಂತಿದ್ದದ್ದು, ಅಣ್ಣ ಎಷ್ಟು ವರ್ಷ ನಿಂಗೆ ಹಲ್ಲುನೋವು, ಮೊಸಳೆಗೂ ಅಷ್ಟು ಹಲ್ಲಿರಲ್ಲ ಅಂತ ಎಲ್ಲರೆದುರು ಆಡಿಕೊಂಡಿದ್ದನಲ್ಲ, ಅಣ್ಣ ಹೊಟ್ಟೆ ಕುಣಿಸಿ ನಗುತ್ತಿದ್ದ, ಕರಣೆ ಕೈಚೀಲದ ತಳದಲ್ಲಿ, ತೂಗುಗುಂಡು ಸುತ್ತಿಟ್ಟ ಬಟ್ಟೆಯೊಳಗೆ ಮಾತ್ರೆ ಬಚ್ಚಿಟ್ಟುಕೊಂಡು ನಗುತ್ತಿದ್ದ, ಇವತ್ತು ಬೆಳಿಗ್ಗೆ ಚೀಲ ಕೊಡವಿದಾಗ ಸಿಕ್ಕಿತು ಆ ಮಾತ್ರೆ ಪಟ್ಟಿ, ಜ್ವರ ಬಂದ ದಿನದಿಂದ ಒಂದೂ ಒಡೆದಿಲ್ಲ, ಫೋನಲ್ಲಿ ಅತ್ತಿಗೆಗೆ ಅಂದನಂತೆ, ಜ್ವರದ ಮಾತ್ರೆ ಜತೆ ಇನ್ನೊಂದು ಬೇಡ, ಎರಡೂ ಸೇರಿದ್ರೆ ಹೀಟಾಗುತ್ತೆ, ಇದು ಮುಗೀಲಿ ಅದನ್ನ ಶುರು ಮಾಡ್ತೀನಿ, ಮೊದಲು ಕೆಳಗಿನ ಕೋಟು ಆಮೇಲೆ ಮೇಲಿನ ಕೋಟು ಅಂತ ಮೈಯನ್ನೂ ಗೋಡೆ ಅಂದುಕೊಂಡ ನಮ್ಮಣ್ಣ, ಎಂಥ ಮೇಸ್ತ್ರಿಯೋ ನೀನು.

ಮತ್ತೆ ಲೋಟ, ಹೋಗು ಅಂದರೂ ಹೋಗದು, ಶೆಡ್ಡಿನಲ್ಲಿ ತಗಡು ಕಾದು ಚಟಚಟ ಅನ್ನುತ್ತಿದೆ, ಅಣ್ಣ ಗೋಡೆಗೊರಗಿ ಕೂತಿದ್ದಾನೆ, ಕೆಂಡದಂಥ ಮೈ, ತನಗೆ ಜ್ವರ ಬಂದಾಗ ಅಣ್ಣ ಅಂಗಡಿಯಿಂದ ಗ್ಲೂಕೋಸ್ ಡಬ್ಬಿ ತಂದು ಕುಡಿಸಿ ಕುಡಿಸಿ ಎಬ್ಬಿಸಿದ್ದ, ಡಬ್ಬಿಯಲ್ಲಿ ಅರ್ಧ ಉಳಿದಿತ್ತು, ಒಂಬತ್ತನೇ ಕ್ಲಾಸಿನಲ್ಲಿ ತಾನು ಮೇಷ್ಟ್ರ ಕೈಯಿಂದ ಕೋಲು ಕಿತ್ತು ಮುರಿದು ಮನೆಗೆ ಬಂದ ದಿನ, ಬೈಯದೆ, ಬಾ ಅಂತ ಕೈಗೆ ಕರಣೆ ಕೊಟ್ಟವನಿಗೆ ತಾನು ಅದುವರೆಗೆ ಒಂದು ಲೋಟ ನೀರೂ ಕೊಟ್ಟವನಲ್ಲ, ಮೂರು ಚಮಚ, ಇರಲಿ ಇನ್ನೊಂದು, ಅಣ್ಣನ ಮೈಗೆ ತಕ್ಕ ಹಾಗೆ ಇನ್ನೂ ಒಂದು, ಕುಡಿ ಅಣ್ಣ, ನಂಗೆ ವಾಸಿ ಆಗ್ಲಿಲ್ವಾ, ಅಣ್ಣ ಲೋಟ ನೋಡಿದ, ತಮ್ಮನನ್ನು ನೋಡಿದ, ಬೇಡ ಕಣೋ ಅಂದ, ಒಂದೇ ಸಲ ಅಂದ, ಇನ್ನೊಂದು ಸಲ ಅನ್ನಬಾರದಾಗಿತ್ತಾ, ನಾನೇ ಬೆರೆಸಿದ್ದು ಕುಡೀತೀಯೋ ಇಲ್ವೋ ಅಂತ ಮೆಣಸು ಕಣ್ಣು ಕೆಂಪಗೆ ಮಾಡಿದ್ದ, ಉಪಚಾರ ಮಾಡುವಾಗಲೂ ಜಗಳವೇ ಅವನಿಗೆ, ಅಣ್ಣ ಗಟಗಟ ಕುಡಿದ, ತಳದಲ್ಲಿ ನಿಂತ ಪುಡಿಗೆ ಬೆರಳು ಹಾಕಿ, ಆ ದಪ್ಪ ಬೆರಳನ್ನು, ಗಾರೆಯ ಹದ ನೋಡುವ ಬೆರಳನ್ನು, ಒಂದು ಸುತ್ತು ಒರೆಸಿ ನೆಕ್ಕಿ, ಚಿಕ್ಕ ಮಗುವಿನ ಹಾಗೆ ಕಣ್ಣು ಮುಚ್ಚಿ, ಚೆನ್ನಾಗಿದೆ ಕಣೋ, ಎಷ್ಟು ದಿನ ಆಗಿತ್ತು ಅಂದ, ಎಷ್ಟು ದಿನ ಆಗಿತ್ತು ಅಂದರೇನು ಅಂತ ಆಗ ಕೇಳಲಿಲ್ಲ, ಸಾಯಂಕಾಲಕ್ಕೆ ಇನ್ನೊಂದು ಲೋಟ, ಮಾರನೇ ದಿನವೂ, ಡಬ್ಬಿ ಖಾಲಿ.

ಬಾಗಿಲು ತೆರೆಯಿತು, ಸಿಸ್ಟರು, ಮೇಸ್ತ್ರಿ ಕಡೆಯವ್ರು ಯಾರು, ಒಳಗೆ ಬನ್ನಿ ಸ್ವಲ್ಪ ಕೈ ಹಿಡ್ಕೊಳ್ಳಿ, ಇದೇನ್ರೀ ಬೆರಳೋ ಇಟ್ಟಿಗೆಯೋ, ಚುಚ್ಚಿದ್ರೆ ರಕ್ತವೇ ಬರಲ್ಲ, ಮೆಣಸು ಚಪ್ಪಲಿ ಬಿಟ್ಟು ಒಳಗೆ ನಡೆದ, ತಣ್ಣಗಿದೆ, ಯಂತ್ರಗಳು ಕೀಂ ಕೀಂ, ಅಣ್ಣನ ಹೊಟ್ಟೆ ಬಿಳಿ ಹೊದಿಕೆಯಡಿ ಏರಿ ಇಳಿಯುತ್ತಿದೆ, ಸಿಮೆಂಟು ತಿಂದು ಬಿರಿದು ಮತ್ತೆ ಗಟ್ಟಿಯಾದ ಬೆರಳು, ತುದಿಯಲ್ಲಿ ಸೂಜಿಯ ಒಣ ತೂತುಗಳು, ಬೆಲ್ಟಿನ ತೂತಿನ ಹಾಗೆ, ತುದಿಗೆ ಬೇಡ ಸಿಸ್ಟರ್, ಪಕ್ಕಕ್ಕೆ ಚುಚ್ಚಿ, ಅಲ್ಲಿ ಚರ್ಮ ಮೆತ್ತಗಿರುತ್ತೆ, ಗಾರೆ ಕೆಲಸದೋರ ಕೈ ನಂಗೊತ್ತು ಅಂದ, ಅಂದ ಮೇಲೆ ಗಂಟಲಿಂದ ಇನ್ನೊಂದು ಹೊರಬಿತ್ತು, ಗ್ಲೂಕೋಸ್ ಕುಡಿಸಿದ್ದೆ ಸಿಸ್ಟರ್, ನಾನೇ, ಅರ್ಧ ಡಬ್ಬಿ, ಖಾಲಿ ಆಗೋವರೆಗೂ, ಸಿಸ್ಟರು ಅರೆಗಳಿಗೆ ಅವನ ಮುಖ ನೋಡಿದರು, ಡಾಕ್ಟರಿಗೆ ಹೇಳ್ತೀನಿ, ಒಳ್ಳೇದಾಯ್ತು ಹೇಳಿದ್ದು, ಈಗ ಗಟ್ಟಿಯಾಗಿ ಒತ್ತಿ, ಒತ್ತಿದ, ಇನ್ನೂ ಒತ್ತಿದ, ಕೆಂಪು ಹನಿ ಮೂಡಿತು, ಯಂತ್ರ ನುಂಗಿತು, ಇನ್ನೂ ಜಾಸ್ತಿನೇ ಇದೆ, ಬೆಳಿಗ್ಗೆಗಿಂತ ಇಳಿದಿದೆ, ನೋಡೋಣ ಅಂದು ಸಿಸ್ಟರು ಬರೆದುಕೊಳ್ಳುತ್ತಿದ್ದಾರೆ, ಅಣ್ಣ, ಏಯ್ ಅಣ್ಣ, ಬೈಯೋ ಒಂದ್ಸಲ, ಕಣ್ಣು ಮುಚ್ಚಿಯೇ ಇದೆ, ಬೆರಳು ಮಾತ್ರ ಅವನ ಅಂಗೈಯಲ್ಲಿ ಉಳಿದಿದೆ, ಭಾರವಾಗಿ, ಬಿಸಿಯಾಗಿ, ಆಮೇಲೆ ಅದು ಅಲುಗಿತು, ಸಿಸ್ಟರು ನೋಡಲಿಲ್ಲ, ಅವನ ಅಂಗೈಯ ಗುಳಿಯಲ್ಲಿ ಆ ಬೆರಳು ಬಾಗಿ, ಮೆಲ್ಲಗೆ, ಲೋಟದ ತಳ ಒರೆಸುವ ಹಾಗೆ, ಒಂದು ಸುತ್ತು —