ಶನಿವಾರದ ರೊಟ್ಟಿ

ಸುರಪುರದ ಆ ಓಣಿಯಲ್ಲಿ ಮಂಗಗಳ ಕಾಟಕ್ಕೆ ಯಾರೂ ಬಾಗಿಲು ತೆರೆದಿಡುವಂತಿರಲಿಲ್ಲ. ಪಟಾಕಿ ಹಾರಿಸಿದರು, ಕವಣೆ ಬೀಸಿದರು; ಹೋದವು ಮತ್ತೆ ಬಂದವು. ಬರದೆ ಏನು ಮಾಡಿಯಾವು? ಹನುಮಪ್ಪನ ವಾರವೆಂದು ಶನಿವಾರ ಕಟ್ಟೆಯ ಮೇಲೆ ರೊಟ್ಟಿ ಇಡುವವರೂ ಇವರೇ, ಮರುದಿನ ಕಲ್ಲು ಹೊಡೆಯುವವರೂ ಇವರೇ. ಉಮಾಳ ಅತ್ತೆ ಮೌನಮ್ಮನಂತೂ ಶನಿವಾರ ಮಂಗಕ್ಕೆ ಹಾಕದೆ ತುತ್ತು ಮುಟ್ಟಿದವಳಲ್ಲ. ಆಕೆಗೆ ಬುದ್ಧಿ ಹೇಳುವ ಧೈರ್ಯ ಸೊಸೆಗೆಲ್ಲಿಂದ ಬರಬೇಕು?

ಒಂದು ದಿನ ಮಂಗವೊಂದು ಪಕ್ಕದ ಮನೆಗೆ ನುಗ್ಗಿ ಬಾಣಂತಿಯ ಕೈ ಪರಚಿತು. ಮುಂದಿನ ಶನಿವಾರ ದೊಡ್ಡ ಗಡವ ಮಂಗ ಕಟ್ಟೆಗೆ ಬಂದು ಕೂತಾಗ ಮೌನಮ್ಮ ಬರಿಗೈಯಲ್ಲೇ ಹೊರಗೆ ಬಂದಳು.

"ಕೈ ಮುಗೀತೀನಪ್ಪಾ. ಇನ್ನ ಇಲ್ಲಿ ನಿನಗ ರೊಟ್ಟಿ ಇಲ್ಲ. ಗುಡ್ಡಕ್ಕ ಹೋಗು, ಅಲ್ಲೇ ಹುಡುಕ್ಕೊಂಡು ತಿನ್ನು."

ಬಾಗಿಲು ಹಾಕಿಕೊಂಡಳು. ಅದು ಬಹಳ ಹೊತ್ತು ಕಾದು ಎದ್ದು ಹೋಯಿತು. ಉಮಾ ತಾಟು ತಂದಿಟ್ಟಳು.

"ಉಣ್ರಿ ಅತ್ತಿ."

"ಅದನ್ನ ಹಸದ ಹೊಟ್ಟೀಲೆ ಕಳಸೀನಿ. ನಾ ಹ್ಯಾಂಗ ಉಣ್ಲಿ?"

ಆಕೆಯನ್ನು ನೋಡಿ ಓಣಿಯವರೆಲ್ಲ ರೊಟ್ಟಿ ಇಡುವುದನ್ನು ಬಿಟ್ಟರು. ಬರಬರುತ್ತ ಮಂಗಗಳೂ ಬರುವುದನ್ನು ಬಿಟ್ಟವು. ಈಗ ಎಲ್ಲರ ಬಾಗಿಲೂ ತೆರೆದೇ ಇರುತ್ತವೆ. ಶನಿವಾರ ಬಂತೆಂದರೆ ಮೌನಮ್ಮ ಮಾತ್ರ ಮನೆಮಂದಿಗೆಲ್ಲ ರೊಟ್ಟಿ ಬಡಿದು, ತಾನು ಹಸಿದೇ ಮಲಗುತ್ತಾಳೆ.