ಸಾಲಿನಲ್ಲಿ ಹುಟ್ಟಿದ ನೀಲಿ

ಲ್ಯಾಬಿನಲ್ಲಿ ದ್ರಾವಣದ ಬಣ್ಣ ಹೋದ ಕೂಡಲೇ ಫ್ಲಾಸ್ಕನ್ನು ತಮ್ಮ ಮೇಜಿಗೆ ತಂದು ತೋರಿಸಬೇಕು ಎಂಬುದು ನಮ್ಮ ಕೆಮಿಸ್ಟ್ರಿ ಮೇಡಂ ಕಾನೂನು. ಅವರು ಮಾತ್ರ ಕುರ್ಚಿ ಬಿಟ್ಟು ಏಳುವವರಲ್ಲ.

ಅವರು ಹೇಳಿದಂತೆಯೇ ನಾನು ಮಾಡಿದ್ದೆ. ಕಂದು ಬಣ್ಣದ ಅಯೋಡಿನ್‌ಗೆ, ಅಳತೆಗೆರೆಗಳಿರುವ ಬ್ಯೂರೆಟ್ ನಳಿಕೆಯಿಂದ, ಬಣ್ಣ ಕಳೆಯುವ ಥಯೋಸಲ್ಫೇಟ್ ಬಿಟ್ಟೆ. ಬಣ್ಣ ತಿಳಿಹಳದಿಗೆ ಇಳಿದ ಮೇಲೆ ಸ್ಟಾರ್ಚ್ ಹಾಕಿದೆ, ಕಡುನೀಲಿಯಾಯಿತು. ಆಮೇಲೆ ಉಸಿರು ಬಿಗಿಹಿಡಿದು ತೊಟ್ಟು ತೊಟ್ಟಾಗಿ ಬಿಟ್ಟೆ. ಕೊನೆಯ ತೊಟ್ಟಿಗೆ ನೀಲಿ ಮಾಯ!

ಓಡಿದೆ. ಮೇಜಿನ ಮುಂದೆ ಹನುಮಂತನ ಬಾಲದಂಥ ಸಾಲು. ನನ್ನ ಸರದಿ ಬರುವಷ್ಟರಲ್ಲಿ ಫ್ಲಾಸ್ಕಿನಲ್ಲಿ ನೀಲಿ ಮತ್ತೆ ಹಲ್ಲು ಕಿರಿಯುತ್ತಿತ್ತು.

"ಕಣ್ಣು ಮನೇಲಿಟ್ಟು ಬಂದ್ಯಾ? ಹೋಗು, ಇನ್ನೊಂದು ತೊಟ್ಟು ಹಾಕು."

ಹಾಕಿದೆ, ಮತ್ತೆ ಸಾಲಿನಲ್ಲಿ ನಿಂತೆ, ಮತ್ತೆ ನೀಲಿ. ನನ್ನ ಪಿತ್ತ ನೆತ್ತಿಗೇರಿತು.

"ಮೇಡಂ, ಸಾಲಲ್ಲಿ ನಿಂತಾಗ ಗಾಳಿ ತಾಗಿ ಅಯೋಡಿನ್ ವಾಪಸ್ ಹುಟ್ಟುತ್ತೆ. ಮೊದಲ ಸಲ ಬಣ್ಣ ಹೋದಾಗಲೇ ರೀಡಿಂಗ್ ಮುಗೀತು!"

"ನನಗೇ ಪಾಠ ಹೇಳ್ತೀಯಾ? ಕೊಡಿಲ್ಲಿ."

ಮೇಡಂ ಎದ್ದೇಬಿಟ್ಟರು. ನನ್ನ ಬ್ಯೂರೆಟ್ಟಿನಿಂದ ತಾವೇ ಒಂದು ತೊಟ್ಟು ಬಿಟ್ಟರು. ಫ್ಲಾಸ್ಕು ನೀರಿನಂತೆ ತಿಳಿಯಾಯಿತು. ಅದನ್ನು ಎತ್ತಿ ಹಿಡಿದು, ಯುದ್ಧ ಗೆದ್ದವರಂತೆ ಮೇಜಿನತ್ತ ಹೊರಟರು. ಅಷ್ಟರಲ್ಲಿ ಚರಿತ್ರೆ ಪಾಠ ಮಾಡುವ ಹೆಡ್‌ಮಾಸ್ಟರು ಬಾಗಿಲಿಗೆ ಬಂದು ಅವರನ್ನು ತಡೆದು, ಸೋರುವ ನಲ್ಲಿಯ ಪುರಾಣ ಬಿಚ್ಚಿದರು. ಪುರಾಣ ಮುಗಿದಾಗ ಹೆಡ್‌ಮಾಸ್ಟರ ಕಣ್ಣು ಫ್ಲಾಸ್ಕಿನ ಮೇಲೆ ಬಿತ್ತು.

"ಬಣ್ಣ ಹೋಗ್ಬೇಕಲ್ವಾ ಮೇಡಂ? ಇನ್ನೂ ನೀಲಿ ಇದೆ. ಇನ್ನೊಂದು ತೊಟ್ಟು ಹಾಕಿ."

"ಅದು ಆಗ್ಲೇ ಮುಗಿದಿತ್ತು ಸರ್!" ಮೇಡಂ ಸಿಡಿದರು. "ನಿಮ್ಮ ಮುಂದೆ ನಿಂತಿದ್ದಕ್ಕೇ ಹೀಗಾಗಿದ್ದು!"

ಇಡೀ ಸಾಲು ನನ್ನ ಕಡೆ ತಿರುಗಿತು.