ತೆಂಗಿನ ಮರದ ಮೇಲಿನ ಇಂಟರ್‌ವ್ಯೂ

"ಆ ಕೋಟು ಯಾರದ್ದಾ? ಎಲ್ಲಿಂದ ಕದ್ದದ್ದು?"

ನನ್ನ ತಂಗಿಯ ಮಗ, ಅಳಿಯ ತಾರಾನಾಥನಿಗೆ ಸ್ಕಾಲರ್‌ಶಿಪ್ ಸಮಿತಿಯವರು ಕೇಳಿದ ಮೊದಲ ಪ್ರಶ್ನೆ ಇದು. ಕೇಳಿದವರು ಸಮಿತಿಯ ಅಧ್ಯಕ್ಷರು, ಕೊಟ್ಟಾರದ ಧಣಿಗಳು. ಮದರಾಸಿನ ಯೂನಿವರ್ಸಿಟಿಯಲ್ಲಿಯೂ ಇಷ್ಟು ಆಳವಾದ ಪ್ರಶ್ನೆ ಕೇಳಲಿಕ್ಕಿಲ್ಲ.

"ಕದ್ದದ್ದಲ್ಲ. ನನ್ನ ಕ್ಲಾಸಿನ ಮೊರಿಸನದ್ದು. ಇವತ್ತಿಗೆ ಮಾತ್ರ ಕೊಟ್ಟಿದ್ದಾನೆ."

"ತೆಗಿ ಅದನ್ನು. ನನ್ನೆದುರು ಕೋಟು ಹಾಕಿ ನಿಲ್ಲುವಷ್ಟು ದೊಡ್ಡ ಜನ ಆದೆಯಾ, ಬೇವರ್ಸಿ?"

ತಾರಾನಾಥ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಬೆಳಗ್ಗಿನ ಕಳ್ಳು ಇಳಿಸಿ ಸೀದಾ ಬಂದವನು ನಾನು. ಮೈಯೆಲ್ಲ ಹುಳಿ ವಾಸನೆ. ಕಂಡವರ ಕೋಟಿಗೆ ತಾಗಬಾರದೆಂದು ತೋಳನ್ನು ದೂರ ಚಾಚಿ ಹಿಡಿದುಕೊಂಡೆ.

ನಾನು ನೋಣಯ್ಯ. ಇದೇ ಧಣಿಯ ತೋಟದಲ್ಲಿ ಮರ ಹತ್ತುವವನು. ನಮ್ಮಲ್ಲಿ ಮಾವನ ಆಸ್ತಿ ಅಳಿಯನಿಗೆ. ನನ್ನ ಆಸ್ತಿಯೂ ಸಣ್ಣದಲ್ಲ: ಹತ್ತುವಾಗ ಕಾಲಿಗೆ ಸಿಕ್ಕಿಸುವ ಒಂದು ತಳೆ, ಸೊಂಟದ ಒಂದು ಕತ್ತಿ. ಅದೆರಡೂ ಅವನ ಪಾಲಿಗೆ ಹೋಗಬಾರದೆಂದೇ ನಾನು ಅವನನ್ನು ಶಾಲೆಗೆ ದೂಡಿದ್ದು. ಅವನ ಅಪ್ಪ ಮರದಿಂದ ಬಿದ್ದು ಸತ್ತವನು. ಸಣ್ಣವನಿದ್ದಾಗ ಇವನು ಕದ್ದು ನನ್ನ ತಳೆ ಹಾಕಿ ಅರ್ಧ ಮರ ಹತ್ತಿದ್ದ. ಇಳಿದ ಮೇಲೆ ಬೆನ್ನಿನ ಚರ್ಮ ಸುಲಿಯುವ ಹಾಗೆ ಹೊಡೆದಿದ್ದೆ. ಮತ್ತೆ ಅವನು ತಳೆ ಮುಟ್ಟಲಿಲ್ಲ, ಪುಸ್ತಕ ಬಿಡಲಿಲ್ಲ.

ಈಗ ಜೂನಿಯರ್ ಬಿ.ಎ. ಕ್ಲಾಸಿಗೆ ಅವನೇ ಮೊದಲು. ಬಿ.ಎ. ಮುಗಿಸಿ ಮದರಾಸಿಗೆ ಹೋಗಿ ಎಂ.ಎ. ಓದಬೇಕೆಂಬ ಹುಚ್ಚು. ಧಣಿಗಳು ತೀರಿಹೋದ ತಮ್ಮ ತಾಯಿಯ ಹೆಸರಿನಲ್ಲಿ ಸ್ಕಾಲರ್‌ಶಿಪ್ ಇಟ್ಟಿದ್ದರು. ಜೂನಿಯರ್ ಬಿ.ಎ. ಓದುವ, ಹಿಂದುಳಿದ, ಬುದ್ಧಿವಂತ, ವಿನಯಶೀಲ ಹುಡುಗನೊಬ್ಬನಿಗೆ ಎಂ.ಎ. ಆಗುವ ತನಕ ಫೀಸು, ಊಟ, ಇರಲು ಜಾಗ. ಆ ತಾಯಿ ಬದುಕಿದ್ದಾಗ ನಮಗೆ ಕುಡಿಯುವ ನೀರನ್ನು ದೂರದಿಂದ ತೆಂಗಿನ ಚಿಪ್ಪಿಗೆ ಹೊಯ್ಯುತ್ತಿದ್ದರು. ಸತ್ತ ಮೇಲೆ ಬಹಳ ಒಳ್ಳೆಯವರಾದರು.

ಇದು ಸಿಕ್ಕಿದರೆ ಮದರಾಸು. ಸಿಗದಿದ್ದರೆ ಹಂಚಿನ ಕಾರ್ಖಾನೆಯಲ್ಲಿ ಹಂಚು ಎಣಿಸುವ ಗುಮಾಸ್ತಗಿರಿ, ಅದೂ ಧಣಿಯ ಮಾತಿನಿಂದಲೇ ಸಿಗಬೇಕು. ಬೇರೆ ದಾರಿ ನಮಗಿರಲಿಲ್ಲ.

ಅಂಗಳದ ಮಾವಿನ ನೆರಳಿನಲ್ಲಿ ಮೂರು ಕುರ್ಚಿ ಹಾಕಿದ್ದರು. ಧಣಿಯ ಕುರ್ಚಿಗೆ ಮಾತ್ರ ದಿಂಬು. ಒಂದು ಪಕ್ಕದಲ್ಲಿ ಧಣಿಯ ಜಮೀನಿನ ವ್ಯಾಜ್ಯಗಳನ್ನೆಲ್ಲ ನಡೆಸುವ ವಕೀಲರು. ಅವರ ತಂಗಿಯ ಮಗನೂ ಅರ್ಜಿ ಹಾಕಿದ್ದ. ಅವನ ಹಿಂದುಳಿಕೆ ಎಂತದ್ದೆಂದರೆ ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಹಿಂದುಳಿದಿದ್ದ. ಅವನ ಇಂಟರ್‌ವ್ಯೂ ಆಗಲೇ ಒಳಗೆ ಕಾಫಿಯ ಜೊತೆ ಮುಗಿದಿತ್ತು. ಇನ್ನೊಂದು ಪಕ್ಕದಲ್ಲಿ ತಾರಾನಾಥನಿಗೆ ಪಾಠ ಮಾಡುವ ಬಾಸಿಲ್ ಪ್ರೊಫೆಸರರು. ಅರ್ಜಿ ಹಾಕು ಎಂದವರೇ ಅವರು. ಈಗ ಅವರ ಗಮನವೆಲ್ಲ ತಮ್ಮ ಕನ್ನಡಕ ಒರೆಸುವುದರಲ್ಲಿತ್ತು.

"ಎಂತ ಓದುದು?" ಎಂದರು ವಕೀಲರು.

"ಅರ್ಥಶಾಸ್ತ್ರ."

"ಕಿಸೆಯಲ್ಲಿ ಅರ್ಥ ಇಲ್ಲ, ಬಾಯಲ್ಲಿ ಅರ್ಥಶಾಸ್ತ್ರ!"

ಧಣಿಗಳು ಹೊಟ್ಟೆ ಕುಣಿಸಿ ನಕ್ಕರು. ನಾನೂ ನಕ್ಕೆ. ನಗದಿದ್ದರೆ ವಿನಯಕ್ಕೆ ಕೊರತೆ ಆಗುತ್ತದಲ್ಲ.

"ಧಣಿಗಳೇ, ಇನ್ನು ಪ್ರಶ್ನೆ ಕೇಳುವಾ?" ಬಾಸಿಲ್ ಪ್ರೊಫೆಸರರ ಸ್ವರ ಮೆಲ್ಲಗೆ ಹೊರಬಿತ್ತು.

"ಕೇಳುವ ಮಾರಾಯ್ರೇ, ಎಂತ ಅವಸರ? ಮೊದಲು ಇವನಲ್ಲಿ ವಿನಯ ಉಂಟಾ ನೋಡ್ಬೇಕು. ಹೇಯ್, ಸೆಕೆ ಆಗ್ತಾ ಉಂಟು. ಆ ಮರ ಹತ್ತಿ ನಮಗೆ ಬೊಂಡ ಹಾಕು."

ಎಳನೀರಿಗೆಂದು ಧಣಿ ಬೆರಳು ತೋರಿಸಿದ್ದು ಅಂಗಳದ ಅಂಚಿನ ತೆಂಗಿನ ಮರಕ್ಕೆ. ತೋಟದಲ್ಲೇ ಎತ್ತರದ್ದು. ನಾನು ಮುಂದೆ ಬಂದೆ.

"ನಾನು ಹತ್ತುತ್ತೇನೆ ಧಣಿ. ಒಂದು ಗಳಿಗೆ."

"ನೀನಾ? ಸ್ಕಾಲರ್‌ಶಿಪ್ ನಿನಗೆ ಬೇಕಾ?"

"ಅವನಿಗೆ ಅಭ್ಯಾಸ ಇಲ್ಲ ಧಣಿ. ಬಿದ್ದರೆ..."

"ಎಂತ ಅಭ್ಯಾಸ? ನಿಮ್ಮ ರಕ್ತದಲ್ಲೇ ಉಂಟಲ್ಲ. ಕುಲಕಸುಬು ಮರೆತವನಿಗೆ ನನ್ನ ಅಮ್ಮನ ಹೆಸರಿನ ಸ್ಕಾಲರ್‌ಶಿಪ್ ಯಾಕೆ? ಹತ್ತುದಾ, ಮನೆಗೆ ಹೋಗುದಾ?"

ಬೇಡ, ಬಾ, ಹೋಗುವ ಎನ್ನಲು ಬಾಯಿ ತೆರೆದೆ. ಮದರಾಸು ನೆನಪಾಗಿ ಮುಚ್ಚಿದೆ. ನನ್ನಂಥ ಹೇಡಿ ಮಾವ ಆ ಹೊತ್ತಿನಲ್ಲಿ ಮಂಗಳೂರಿನಲ್ಲೇ ಇರಲಿಲ್ಲ.

"ತಳೆ ಕೊಡಿ, ಮಾವ," ಎಂದು ತಾರಾನಾಥ ಕೈ ಚಾಚಿದ.

ಕೊಟ್ಟೆ. ಕತ್ತಿಯನ್ನೂ ಕೊಟ್ಟೆ. ಅವನು ಪಂಚೆ ಎತ್ತಿ ಕಟ್ಟಿ ಮರ ತಬ್ಬಿದ. ಪುಸ್ತಕ ಹಿಡಿದ ಕೈ, ಜಾರುತ್ತಿತ್ತು. ಮೊಣಕಾಲು ತರಚಿ ರಕ್ತ ಬಂತು.

"ಕೆಳಗೆ ನೋಡ್ಬೇಡ! ಉಸಿರು ಬಿಟ್ಟು ಹತ್ತು!" ಎಂದು ನಾನು ಕಿರುಚಿದೆ.

"ಬಿ.ಎ. ಹತ್ತಿತು, ಬಿ.ಎ. ಹತ್ತಿತು!" ಎಂದರು ವಕೀಲರು. ಧಣಿಗಳು ಚಪ್ಪಾಳೆ ತಟ್ಟಿದರು. ನಡುವೆ ಒಮ್ಮೆ ಅವನ ಕಾಲು ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ. ಬಿಡಿಸಿ ನೋಡುವಾಗ ಅವನು ಮರದ ತುದಿಯಲ್ಲಿದ್ದ. ಮಡಲುಗಳ ನಡುವೆ ಕಾಲು ಹಾಕಿ ಕುಳಿತಿದ್ದ.

"ಎಂತ ಕೂತದ್ದು? ಬೊಂಡ ಹಾಕಾ!"

"ಹಾಕ್ತೇನೆ ಧಣಿ. ವಿನಯದ ಪರೀಕ್ಷೆ ಆಯ್ತಲ್ಲ? ಇನ್ನು ಓದಿನದ್ದು ಕೇಳಿ. ಇಲ್ಲಿಂದಲೇ ಉತ್ತರ ಹೇಳ್ತೇನೆ."

ಸಮಿತಿಯ ಮೂರು ಕತ್ತುಗಳು ಒಟ್ಟಿಗೆ ಮೇಲೆ ತಿರುಗಿದವು. ಧಣಿಗಳಿಗೆ ಯಾರನ್ನೂ ತಲೆಯೆತ್ತಿ ನೋಡಿ ರೂಢಿಯಿಲ್ಲ. ಕತ್ತು ಉಳುಕಿತೋ ಏನೋ, ಎದ್ದು ಸೀದಾ ಮರದ ಬುಡಕ್ಕೇ ಹೋದರು.

"ಇಳಿಯಾ! ಇಳಿ, ರಂಡೆ ಮಗನೇ!"

ಅವನ ತಾಯಿ ಎಂದರೆ ನನ್ನ ತಂಗಿ ದೇಯಿ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಅವನನ್ನು ಸಾಕಿದವಳು. ಆ ಮಾತು ಮರದ ತುದಿಗೆ ಮುಟ್ಟಿದ್ದೇ, ಕೇಳಿದ್ದ ಬೊಂಡ ಬಂತು. ಧಣಿಗಳ ಕಾಲಿನ ಪಕ್ಕದಲ್ಲಿ ಬಿದ್ದು ಒಡೆಯಿತು. ಹಿಂದೆಯೇ ಇನ್ನೊಂದು. ಆಮೇಲೆ ಇಡೀ ಗೊನೆಯೇ ಇಳಿಯಿತು. ಧಣಿಗಳು ಪಂಚೆ ಎತ್ತಿಕೊಂಡು ಜಗಲಿಗೆ ಓಡಿದರು. ಅಷ್ಟು ಚೆನ್ನಾಗಿ ಓಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ವಕೀಲರು ಅವರಿಗಿಂತ ಮೊದಲೇ ಮುಟ್ಟಿದ್ದರು. ಬಾಸಿಲ್ ಪ್ರೊಫೆಸರರು ಕೊನೆಗೆ ಹೋದರು.

"ಸ್ಕಾಲರ್‌ಶಿಪ್ ಇಲ್ಲ ನಿನಗೆ! ಈ ಜನ್ಮದಲ್ಲಿ ಇಲ್ಲ! ಕಾರ್ಖಾನೆಯ ಕೆಲಸವೂ ಇಲ್ಲ!" ಧಣಿಗಳು ಜಗಲಿಯಿಂದ ಬೊಬ್ಬೆ ಹಾಕಿದರು. "ನೋಣಯ್ಯಾ, ಹತ್ತಿ ಎಳೆದು ಹಾಕು ಅವನನ್ನು! ಇಲ್ಲದಿದ್ದರೆ ನಾಳೆಯಿಂದ ತೋಟಕ್ಕೆ ಕಾಲಿಡ್ಬೇಡ!"

ಅಲ್ಲಿಗೆ ಮದರಾಸು ಮುಳುಗಿತು. ಹಂಚಿನ ಕಾರ್ಖಾನೆಯೂ ಮುಳುಗಿತು. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು. ಅಷ್ಟು ಓದಿದ ಹುಡುಗ. ಹಿಂದೆಯೇ ಕೋಪವೂ ಬಂತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ದರಿದ್ರದ್ದು, ಎಲ್ಲ ಒಟ್ಟಿಗೇ ಬಂತು.

"ಹತ್ತುದು ಹೇಗೆ ಧಣಿ? ತಳೆ ಅವನ ಕಾಲಲ್ಲಿ ಉಂಟು. ಬೇಕಾದರೆ ನೀವೇ ಹತ್ತಿ ನೋಡಿ."

ಮೊರಿಸನ ಕೋಟನ್ನು ವಕೀಲರ ಕುರ್ಚಿಯ ಬೆನ್ನಿಗೆ ಹಾಕಿದೆ. ಅಧ್ಯಕ್ಷರ ಕುರ್ಚಿಯನ್ನು ಮರದ ಕಡೆಗೆ ತಿರುಗಿಸಿ ಅದರಲ್ಲಿ ಕುಳಿತೆ. ಕುಂಡೆಗೆ ದಿಂಬು ಮೆತ್ತಗೆ ತಾಗಿತು. ಇಂಥದ್ದರಲ್ಲಿ ಕುಳಿತರೆ ಯಾರಿಗಾದರೂ ವಿನಯದ ವಿಷಯ ಮಾತಾಡುವ ಮನಸ್ಸಾದೀತು.

ಜಗಲಿಯಲ್ಲಿ ಮನೆಗೆ ಬೆಂಕಿ ಬಿದ್ದ ಹಾಗೆ ಗದ್ದಲ. ಹಿತ್ತಿಲಿನಿಂದ ಆಳುಗಳು ದೊಣ್ಣೆ ಹಿಡಿದು ಓಡಿ ಬರುವುದು ಕಾಣುತ್ತಿತ್ತು. ನಾನು ಕೆಮ್ಮಿ ಗಂಟಲು ಸರಿಮಾಡಿದೆ.

"ಮಿಸ್ಟರ್ ತಾರಾನಾಥ! ನೀವು ಮದರಾಸಿಗೆ ಹೋಗಿ ಓದುದು ಯಾಕೆ? ಹೇಳಿ, ಸಮಿತಿ ಕೇಳ್ತಾ ಉಂಟು."

ಮೇಲಿನಿಂದ ಅವನು ಇಂಗ್ಲಿಷಿನಲ್ಲಿ ಶುರುಮಾಡಿದ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆಳುಗಳು ಅಂಗಳಕ್ಕೆ ಬಂದಾಗಿತ್ತು.

"ಜೋರಾಗಿ ಹೇಳಿ," ಎಂದೆ. "ಜಗಲಿಯವರಿಗೆ ಕೇಳುದಿಲ್ಲ."